ಬೆಟ್ಟಗಳ ಹಾಜರಿ

ನಿವೃತ್ತನಾದ ಮೇಲೆ ನಾನು ವಿಮಾನ ಓಡಿಸಲು ಶುರುಮಾಡಿದೆ, ಕಂಪ್ಯೂಟರಿನಲ್ಲಿ. ಕೆ.ಆರ್. ಪೇಟೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಫೋಟೊ ಸ್ಟುಡಿಯೊದಿಂದ ದೊಡ್ಡ ಪರದೆಯ ಕಂಪ್ಯೂಟರನ್ನು ಕೊಂಡು ತಂದು, ಪಾಂಡವಪುರದ ನಮ್ಮ ಮನೆಯ ಹಾಲಿನಲ್ಲಿ, ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಇಟ್ಟುಕೊಂಡೆ. ವಿಮಾನದ ಸಿಮ್ಯುಲೇಟರಿನಲ್ಲಿ ಉಪಗ್ರಹದ ಚಿತ್ರಗಳನ್ನೇ ನೆಲಕ್ಕೆ ಹಾಸಿರುತ್ತಾರೆ. ಹಾಗಾಗಿ ಲಂಡನ್ನಿನ ಮೇಲೂ ಹಾರಬಹುದು, ಅರಕೆರೆಯ ಮೇಲೂ ಹಾರಬಹುದು. ನಾನು ಅರಕೆರೆಯ ಮೇಲೆ ಹಾರುತ್ತಿದ್ದೆ.

ಅದಕ್ಕೆ ಕಾರಣವಿತ್ತು. ನಾನು ಸರ್ವೇಯರ್ ಆಗಿದ್ದವನು. ಮೂವತ್ತಮೂರು ವರ್ಷದ ನೌಕರಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಬಿಟ್ಟು ಐದನೆಯ ತಾಲ್ಲೂಕು ಕಂಡವನಲ್ಲ. ಅಣ್ಣತಮ್ಮಂದಿರ ಜಮೀನಿನ ನಡುವೆ ಸರಪಳಿ ಎಳೆದು ಗಡಿಕಲ್ಲು ನೆಡಿಸುವುದೇ ನನ್ನ ಕೆಲಸ. ಕಲ್ಲು ನೆಟ್ಟ ಮೇಲೆ ಇಬ್ಬರೂ ನನ್ನನ್ನು ಬೈದರೆ ಅಳತೆ ಸರಿಯಾಗಿದೆ ಎಂದು ತಿಳಿದು ಮನೆಗೆ ಹೋಗಿ ಊಟ ಮಾಡುತ್ತಿದ್ದೆ. ಅಷ್ಟು ವರ್ಷ ನಡೆದು ನೋಡಿದ ನೆಲವನ್ನು ಒಮ್ಮೆ ಮೇಲಿನಿಂದ ನೋಡುವ ಆಸೆ ಇತ್ತು. ಹೇಮಗಿರಿಯ ಹತ್ತಿರದ ಹೊಳೆ, ಬಿಂಡಿಗನವಿಲೆಯ ಕುರಿ ಮೇಯುವ ಬಯಲು, ಶ್ರೀರಂಗಪಟ್ಟಣದ ಗದ್ದೆಗಳು, ಎಲ್ಲದರ ಮೇಲೂ ಒಂದೇ ಇಂಜಿನ್ನಿನ ಸಣ್ಣ ವಿಮಾನದಲ್ಲಿ ಸುತ್ತಿದೆ.

ಮೊದಲ ದಿನವೇ ಸಿಟ್ಟು ಬಂತು. ಪಾಂಡವಪುರದ ಮೇಲೆ ಎದ್ದರೆ ಸಾಕು, ನೀಲಗಿರಿಯವರೆಗೂ ಈಗ ತಾನೇ ಒರೆಸಿಟ್ಟ ಹಾಗೆ ಕಾಣುತ್ತಿತ್ತು. ನಮ್ಮ ಸೀಮೆಯಲ್ಲಿ ಅಷ್ಟು ಚೊಕ್ಕಟವಾದ ಗಾಳಿ ಯಾವ ಕಾಲಕ್ಕೂ ಇಲ್ಲ. ಕಬ್ಬಿನ ಸೋಗೆ ಸುಟ್ಟ ಹೊಗೆ, ಬೆಲ್ಲ ಕಾಯಿಸುವ ಆಲೆಮನೆಗಳ ಹೊಗೆ, ನಾಲೆ ಬಯಲಿನ ಮಂಜು, ರಸ್ತೆಯ ಧೂಳು, ಇದೆಲ್ಲ ಎಲ್ಲಿ ಹೋಯಿತು? ಹುಡುಕಿದಾಗ ಸೆಟ್ಟಿಂಗಿನಲ್ಲಿ ಎರಡು ಗೆರೆಗಳು ಸಿಕ್ಕವು. ಒಂದು ವಿಸಿಬಿಲಿಟಿ, ಅಂದರೆ ಎಷ್ಟು ಕಿಲೋಮೀಟರಿನವರೆಗೆ ಕಾಣಬೇಕು ಎಂಬುದು. ಇನ್ನೊಂದು ಹೇಜ್, ಅಂದರೆ ಗಾಳಿಯಲ್ಲಿ ಎಷ್ಟು ಮಬ್ಬಿರಬೇಕು ಎಂಬುದು. ಇಂಟರ್ನೆಟ್ಟಿನಿಂದ ಹವಾಮಾನವನ್ನು ತಾನೇ ತಂದುಕೊಳ್ಳುವ ಸೌಲಭ್ಯವೂ ಇತ್ತು. ಅದನ್ನು ಆಫ್ ಮಾಡಿಬಿಟ್ಟೆ. ಪಾಂಡವಪುರದ ಮಬ್ಬು ಎಷ್ಟೆಂದು ಎಲ್ಲೋ ಕೂತವರಿಂದ ಕೇಳಿ ತಿಳಿಯುವ ಗತಿ ನನಗೆ ಬಂದಿರಲಿಲ್ಲ.

ನಾನು ಬೆಟ್ಟಗಳ ಹಾಜರಿ ತೆಗೆದುಕೊಳ್ಳಲು ಶುರುಮಾಡಿದೆ. ಬೆಳಿಗ್ಗೆ ಎಂಟಕ್ಕೆ ತಾರಸಿಯ ಮೇಲೆ ನಿಂತರೆ ಕುಂತಿ ಬೆಟ್ಟ ಮೂರೂವರೆ ನಾಲ್ಕು ಕಿಲೋಮೀಟರು, ಕರಿಘಟ್ಟ ಒಂಬತ್ತು, ಮೇಲುಕೋಟೆ ಹದಿನೆಂಟು, ಚಾಮುಂಡಿ ಬೆಟ್ಟ ಇಪ್ಪತ್ತೈದು. ಕಂಡ ಬೆಟ್ಟಕ್ಕೆ ಟಿಕ್ಕು, ಕಾಣದ್ದಕ್ಕೆ ಸೊನ್ನೆ. ಕೊನೆಯ ಟಿಕ್ಕು ಯಾವ ಬೆಟ್ಟಕ್ಕೋ ಅಷ್ಟು ಕಿಲೋಮೀಟರಿಗೆ ವಿಸಿಬಿಲಿಟಿ ಇಟ್ಟು, ಹೇಜನ್ನು ಅದಕ್ಕೆ ತಕ್ಕಂತೆ ಎಳೆದು, ಆಮೇಲೆ ವಿಮಾನ ಎಬ್ಬಿಸುತ್ತಿದ್ದೆ. ಇದಕ್ಕೆಂದೇ ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ.

ಮೊದಲ ವರ್ಷ ಚಾಮುಂಡಿ ಬೆಟ್ಟ ಆಗಾಗ ಹಾಜರಾಗುತ್ತಿತ್ತು. ಎರಡನೆಯ ವರ್ಷ ಅದು ಪೂರ್ತಿ ಗೈರು. ಆಮೇಲೆ ಮೇಲುಕೋಟೆ ಹೋಯಿತು. ಒಂದು ಮಳೆಗಾಲ ಮುಗಿದ ಮೇಲೆ ಕರಿಘಟ್ಟವೂ ಹೋಯಿತು. ಪರದೆಯ ಮೇಲೂ ನಿಯತ್ತಿನಿಂದ ಒಂದೊಂದೇ ಬೆಟ್ಟ ಇಳಿಸುತ್ತ ಬಂದೆ. ಕೊನೆಕೊನೆಗೆ ಮೈಸೂರಿನ ರನ್‌ವೇ ಕಾಣದೆ ದಿನಕ್ಕೆರಡು ಸಲ ವಿಮಾನ ಬೀಳಿಸುತ್ತಿದ್ದೆ. ಇಂಥ ಗಾಳಿಯಲ್ಲಿ ನಿಜವಾದ ಪೈಲಟ್ ಆದರೂ ಬೀಳಿಸುತ್ತಾನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೆಂಡತಿ ಒಮ್ಮೆ ಬಟ್ಟೆ ಹೊಲಿಯುತ್ತ ಪರದೆಯ ಕಡೆ ತಿರುಗಿ, "ಇದೇನ್ರೀ ಇದು, ಗಂಜಿ ಚೆಲ್ದಂಗದೆ," ಎಂದಳು.

"ಅದು ಹೊಗೆ ಕಣೆ. ಹೊರಗ್ ನೋಡು, ಅಂಗೇ ಅದೆ," ಎಂದೆ.

ಅವಳು ಹೊರಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಒಂದ್ಸಲ ಕಣ್ ತೋರುಸ್ಕಳಿ," ಎಂದಳು.

"ಈ ಕಣ್ಣಲ್ಲಿ ನಾಕು ತಾಲ್ಲೂಕು ಅಳ್ದಿವ್ನಿ ಕಣೆ!" ಎಂದು ಬೀದಿಗೆ ಕೇಳುವಂತೆ ಕೂಗಿ ಎರಡು ದಿನ ಮಾತು ಬಿಟ್ಟೆ. ಇಷ್ಟು ಹೊತ್ತಿಗೆ ಓದುವವರಿಗೆಲ್ಲ ವಿಷಯ ಏನೆಂದು ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ.

ಅದೇ ಸುಮಾರಿಗೆ ಅವಳು ನನ್ನ ಸ್ಕೂಟರಿನ ಹಿಂದೆ ಕೂರಲು ಶುರುಮಾಡಿದ್ದು. ಮದುವೆಯಾದಾಗಿನಿಂದ ಸ್ಕೂಟರ್ ಎಂದರೆ ಅವಳಿಗೆ ಆಗದು. ಹತ್ತು ಕಿಲೋಮೀಟರಿಗೂ ಬಸ್ಸೇ ಬೇಕು. ಅಂಥವಳು ಒಂದು ದಿನ, "ಮಂಡಿ ನೋವು, ಬಸ್ ಅತ್ತೋಕಾಗಕಿಲ್ಲ," ಎಂದು ಹಿಂದೆ ಹತ್ತಿ ಕೂತಳು. ಆಮೇಲೆ ಅವಳಿಗೆ ಕೆಲಸವಿಲ್ಲದ ಕಡೆಗೂ ಬರತೊಡಗಿದಳು. ಬ್ಯಾಂಕಿಗೆ ಬಂದಳು. ನಾನು ನೆಟ್ಟ ಗಡಿಕಲ್ಲಿನ ಹಳೆಯ ಕೇಸೊಂದರಲ್ಲಿ ಸಾಕ್ಷಿ ಹೇಳಲು ನಾಗಮಂಗಲದ ಕೋರ್ಟಿಗೆ ಹೋದರೆ ಅಲ್ಲಿಗೂ ಬಂದು ಹುಣಸೆ ಮರದ ಕೆಳಗೆ ಕೂತಳು. ಶ್ರೀರಂಗಪಟ್ಟಣದ ಕಟಿಂಗ್ ಶಾಪಿಗೂ ಬಂದು, ನನ್ನ ಕ್ಷೌರ ಮುಗಿಯುವವರೆಗೆ ಎದುರಿನ ಅಂಗಡಿಯಲ್ಲಿ ಬೇಡದ ಬಕೆಟ್ಟುಗಳನ್ನು ವಿಚಾರಿಸುತ್ತ ನಿಂತಳು. ದಾರಿಯುದ್ದಕ್ಕೂ ಒಂದು ಕೈ ನನ್ನ ಹೆಗಲ ಮೇಲೆ. ಬಾಯಿಗೆ ಬಿಡುವಿಲ್ಲ. "ಹಂಪ್ ಬಂತು. ಎಮ್ಮೆ ಅವೆ. ಕಬ್ಬಿನ್ ಗಾಡಿ ನಿಂತದೆ, ಬಲಕ್ ತಕಳಿ. ಬಸ್ ಬತ್ತಾ ಅದೆ." ವಯಸ್ಸಾದ ಮೇಲೆ ಹೆಂಗಸರಿಗೆ ಮಾತು ಜಾಸ್ತಿಯಾಗುತ್ತದೆ ಎಂದುಕೊಂಡು ಸಹಿಸಿಕೊಂಡೆ. ಅವಳು ಹೇಳುವ ಕಡೆಗೆ ಗಾಡಿ ತಿರುಗಿಸುವುದೂ ಅಭ್ಯಾಸವಾಗಿಹೋಯಿತು.

ಮೇಲುಕೋಟೆ ಕಳೆದುಹೋದದ್ದಕ್ಕೆ ಯಾರಾದರೂ ಜವಾಬು ಕೊಡಬೇಕಲ್ಲ. ನಮ್ಮ ಮನೆಯ ಹಿಂದಿನ ಆಲೆಮನೆಯವನ ಮೇಲೆ ಮಾಲಿನ್ಯ ನಿಯಂತ್ರಣದ ಕಚೇರಿಗೆ ಮೂರು ಪುಟದ ಅರ್ಜಿ ಬರೆದೆ. ನೋಟ್‌ಬುಕ್ಕಿನ ಎಲ್ಲ ಪುಟಗಳ ಜೆರಾಕ್ಸ್ ಲಗತ್ತಿಸಿದೆ. ಸದರಿ ಆಲೆಮನೆಯ ಹೊಗೆಯಿಂದ ಹದಿನೆಂಟು ಕಿಲೋಮೀಟರ್ ದೂರದ ಬೆಟ್ಟವು ಸಂಪೂರ್ಣವಾಗಿ ಮರೆಯಾಗಿರುತ್ತದೆ, ಸ್ಥಳ ಪರಿಶೀಲಿಸಬೇಕಾಗಿ ವಿನಂತಿ. ಇಂಥ ಕನ್ನಡ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಸ್ಥಳ ಪರಿಶೀಲನೆಗೆ ಒಬ್ಬ ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿ ಬಂದರು. ಆಲೆಮನೆಯವನನ್ನೂ ಕರೆಸಿದ್ದರು. ಅವನ ಅಪ್ಪನ ಜಮೀನು ಅಳೆದವನು ನಾನೇ. ಮೂವರೂ ತಾರಸಿ ಹತ್ತಿದೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಾನು ಉತ್ತರಕ್ಕೆ, ಮೇಲುಕೋಟೆಯ ಕಡೆ ಕೈ ಚಾಚಿ, "ನೋಡಿ ಮೇಡಂ, ಏನಾದರೂ ಕಾಣ್ತದಾ?" ಎಂದೆ.

ಅವರು ನನ್ನ ಅರ್ಜಿಯನ್ನು ಮಡಿಚಿ ಫೈಲಿಗೆ ಸೇರಿಸಿದರು. ಆಮೇಲೆ ಮೆಲ್ಲಗೆ, "ಕಾಣ್ತಿದೆ ಸರ್," ಎಂದರು.

"ಗುಡಿ ಸಮೇತ ಕಾಣ್ತಾ ಅದಲ್ಲಣ್ಣೋ!" ಎಂದ ಆಲೆಮನೆಯವನು. "ಅಗೋ ಅಲ್ಲಿ! ನನ್ ಬೆರಳ್ ನೋಡು, ನೆಟ್ಟಗೆ." ಅವನ ಬೆರಳು ಚೆನ್ನಾಗಿ ಕಾಣುತ್ತಿತ್ತು. ಅದರಿಂದಾಚೆಗೆ ಬೂದಿ ಬಣ್ಣ. ಕನ್ನಡಕ ಒರೆಸಿಕೊಂಡೆ, ಮತ್ತೆ ನೋಡಿದೆ. ಅವನಿಗೆ ನನ್ನ ಮೇಲೆ ಸಿಟ್ಟಿತ್ತು, ಆದರೂ ಹತ್ತಿರ ಬಂದು ದನಿ ತಗ್ಗಿಸಿ, "ಕಣ್ ತೋರುಸ್ಕಳಣ್ಣ. ಅರ್ಜಿ ಕತೆ ಅಂಗಿರ್ಲಿ," ಎಂದ. ಹೆಂಡತಿ ಎಲ್ಲರಿಗೂ ಕಾಫಿ ತಂದಳು. ಅವತ್ತಿನಷ್ಟು ಅವಮಾನ ನನಗೆ ಮೂವತ್ತಮೂರು ವರ್ಷದ ನೌಕರಿಯಲ್ಲೂ ಆಗಿರಲಿಲ್ಲ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ದೀಪ ಬಿಟ್ಟು ನೋಡಿ, "ಎರಡೂ ಕಣ್ಣಲ್ಲಿ ಪೊರೆ. ಚೆನ್ನಾಗಿ ಹಣ್ಣಾಗಿದೆ. ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದರು. ವಿಮಾನ ಓಡಿಸುತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿಗೆ ಒಂದು ತಿಂಗಳ ಅಂತರ. ಆ ಒಂದು ತಿಂಗಳು ತಾರಸಿಯ ಮೇಲೆ ನಿಂತು ಎಡಗಣ್ಣು ಮುಚ್ಚಿದರೆ ಚಾಮುಂಡಿ ಬೆಟ್ಟ ಹಾಜರ್, ಬಲಗಣ್ಣು ಮುಚ್ಚಿದರೆ ಕುಂತಿ ಬೆಟ್ಟವೂ ಅನುಮಾನ. ಕಂಪ್ಯೂಟರ್ ಹಾಕಿ ನೋಡಿದರೆ ವಿಸಿಬಿಲಿಟಿ ಮೂರೂವರೆ ಕಿಲೋಮೀಟರಿಗೆ ಇಳಿದಿತ್ತು, ಹೇಜ್ ಗೆರೆಯ ತುದಿಯಲ್ಲಿತ್ತು, ಪರದೆಯ ತುಂಬ ಹೆಂಡತಿ ಹೇಳಿದ್ದ ಗಂಜಿ. ಕಣ್ಣಿನೊಳಗಿನ ಮಬ್ಬನ್ನು ಲೆಕ್ಕ ಹಾಕಿ, ಅದನ್ನೇ ಪರದೆಯ ಮೇಲೂ ಎಳೆದು, ಮತ್ತೆ ಅದೇ ಕಣ್ಣಿನಿಂದ ನೋಡಿಕೊಂಡು ಕೂತಿದ್ದೆ. ಎರಡೂ ಗೆರೆಗಳನ್ನು ಹಿಂದಕ್ಕೆ ಎಳೆದೆ. ನೀಲಗಿರಿ ಬಂತು. ಸಿಟ್ಟು ಬರಲಿಲ್ಲ.

ಎರಡನೆಯ ಕಣ್ಣೂ ಆಗಿ, ಇನ್ನು ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಬ್ಯಾಂಕಿಗೆ ಹೊರಟೆ. ಸ್ಕೂಟರ್ ಶುರುಮಾಡಿ ಗೇಟಿನ ಹತ್ತಿರ ಕಾದೆ. ಅವಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಬರಲ್ವೇನೆ?" ಎಂದೆ.

"ನಂಗೇನ್ ಕೆಲ್ಸ ಅಲ್ಲಿ?"

"ಆಮೇಲೆ ಬಸ್ಸಲ್ ಹೋಗು ಅಂದ್ರೆ ಮಂಡಿ ನೋವು ಅಂತೀಯ."

"ಯಾವ್ ಮಂಡಿ?" ಎಂದಳು, ತಲೆ ಎತ್ತದೆ.

ಸ್ಕೂಟರ್ ಆರಿಸಿದೆ. ಒಂದೂವರೆ ವರ್ಷದ ಹಂಪುಗಳು, ಎಮ್ಮೆಗಳು, ಎದುರಿಗೆ ಬಂದ ಬಸ್ಸುಗಳು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ನಾನು ಕಂಡು ತಪ್ಪಿಸಿದ್ದು ಅವುಗಳಲ್ಲಿ ಎಷ್ಟು ಎಂದು ಯೋಚಿಸಿದರೆ ಒಂದೂ ಖಚಿತವಾಗಿ ಹೇಳಲಾಗಲಿಲ್ಲ. ಗಂಡನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದೂ, ಹೇಳಿದರೆ ಕೂಗಾಡುತ್ತಾನೆ ಎಂದು ತಿಳಿದು, ಅಂಥವನ ಹಿಂದೆಯೇ ಇವಳು ದಿನಾ ಹತ್ತಿ ಕೂತಿದ್ದಳು. ಜಗುಲಿಯವರೆಗೆ ನಡೆದು ಹೋಗಿ, "ಎಲ್ಲಾದ್ರೂ ಬಿದ್ದಿದ್ರೆ?" ಎಂದು ಕೇಳಿದೆ.

"ಬಿದ್ದಿದ್ರೆ ಇಬ್ರೂ ಬೀಳ್ತಿದ್ದೊ. ನಿಮ್ಮೊಬ್ರುನ್ನೇ ಬೀಳೋಕ್ ಬುಟ್ಬುಟ್ಟು ನಾನಿಲ್ಲಿ ಅವರೆಕಾಯ್ ಸುಲ್ಕಂಡ್ ಕೂತ್ಕಳ್ಳಾ?" ಎಂದಳು. "ಓಗಿ ಓಗಿ, ಬ್ಯಾಂಕ್ ಮುಚ್ಬುಡ್ತಾರೆ."