ಇನ್ನೊಂದು ಸುತ್ತು

ನಮ್ಮವ್ವ ಕುರುಗೋಡಿನ ಮಗಳು. ಅವಳ ಮಾತಿನಲ್ಲಿ ಕೆಟ್ಟದ್ದಕ್ಕೆ ಹೆಸರೇ ಇರಲಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚ್ಯಾವ’ ಎನ್ನಬೇಕು. ಬಳೆ ಒಡೆದರೂ ಹೆಚ್ಚಿದವು ಎನ್ನಬೇಕು. ದೀಪ ಆರಿಸು ಎಂದರೆ ಬೈಗುಳ ಗ್ಯಾರಂಟಿ, ದೀಪ ದೊಡ್ಡದು ಮಾಡು ಎನ್ನಬೇಕು. ಕತ್ತಲಾದ ಮೇಲೆ ಹಾವು ಕೂಡ ಹುಳವೇ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ಇದೆಲ್ಲ ನಗೆಪಾಟಲು. ಇದ್ದದ್ದನ್ನು ಇದ್ದಂತೆ ಹೇಳಿದರೆ ಯಾರ ಗಂಟು ಹೋಗುತ್ತದೆ ಎಂದು ಅವಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ಅಪ್ಪನಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಭತ್ತದ ಹೊಟ್ಟು ಸಿಡಿದು ಅವನ ಒಂದು ಕಣ್ಣು ಮೊದಲೇ ಹೋಗಿತ್ತು. ಎಂಬತ್ತರ ದಶಕದಲ್ಲಿ ಉಳಿದ ಕಣ್ಣೂ ಮಂಜಾಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದೆವು. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಊರಿಗೆ ಕಳಿಸಿದರು. ತಲೆ ಕುಲುಕಬಾರದು, ಅಳಬಾರದು, ಗಾಬರಿಯಾಗಬಾರದು. ದೃಷ್ಟಿ ಬಂತೋ ಇಲ್ಲವೋ ಎಂಬುದು ಪಟ್ಟಿ ಬಿಚ್ಚಿದ ಮೇಲೆಯೇ ತಿಳಿಯಬೇಕು, ಬರದಿದ್ದರೆ ಇನ್ನೊಮ್ಮೆ ಆಪರೇಷನ್ ಮಾಡಿ ನೋಡಬಹುದು ಎಂದೂ ಹೇಳಿದ್ದರು. ಅಂದಿನಿಂದ ಅವ್ವ ‘ಕಾಣೂದಿಲ್ಲ’ ಎಂಬ ಮಾತನ್ನೇ ಮನೆಯಿಂದ ಹೊರಗೆ ಹಾಕಿದಳು. ನನ್ನ ಚಪ್ಪಲಿ ಕಾಣುತ್ತಿಲ್ಲ ಎಂದರೂ ಕೆಕ್ಕರಿಸಿ ನೋಡುತ್ತಿದ್ದಳು.

ಬಸ್ಸಿನ ಕುಲುಕಾಟ ಬೇಡವೆಂದು ಅಪ್ಪ, ಅವ್ವ, ನಾನು ವಿಮಾನ ಹತ್ತಿದೆವು. ಆಗ ಬೆಂಗಳೂರಿನಿಂದ ಬಳ್ಳಾರಿಗೆ ಪುಟ್ಟದೊಂದು ವಿಮಾನ ಬರುತ್ತಿತ್ತು. ಒಳಗೆ ಕೌಲ್ ಬಜಾರಿನ ಟೆಂಪೋದಷ್ಟೇ ಜಾಗ. ಪೈಲಟ್ಟಿಗೂ ನಮಗೂ ನಡುವೆ ಒಂದು ಪರದೆ, ಅದನ್ನೂ ಪಕ್ಕಕ್ಕೆ ಸರಿಸಿ ಕಟ್ಟಿದ್ದರು. ಮೊದಲ ಸಾಲಿನಲ್ಲಿದ್ದ ನಮಗೆ ಅವನು ರೇಡಿಯೋದಲ್ಲಿ ಆಡುವ ಮಾತೆಲ್ಲ ಕೇಳುತ್ತಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡು, ಅವನು ಬಾಯಿ ತೆರೆದಾಗಲೆಲ್ಲ ಏನಂದ ಎಂದು ಕೇಳುತ್ತಿದ್ದ.

ಹೊರಡುವ ಮುಂಚೆ ಪೈಲಟ್ ಒಂದು ಸಂಖ್ಯೆ ಹೇಳಿ, ಕೊನೆಗೆ ‘ಸೋಲ್ಸ್ ಆನ್ ಬೋರ್ಡ್’ ಎಂದು ಸೇರಿಸಿದ. ಆಚೆ ಸೀಟಿನಲ್ಲಿ ಸೂಟು ಹಾಕಿ ಕುಳಿತಿದ್ದವರ ಮುಖ ಬಿಳುಚಿತು. ಈಗಲೇ ನಮ್ಮನ್ನು ಆತ್ಮಗಳ ಲೆಕ್ಕಕ್ಕೆ ಸೇರಿಸಿಬಿಟ್ಟನೇ ಎಂದು ನನ್ನ ಕಡೆ ಬಾಗಿ ಕೇಳಿದರು. ಅಪ್ಪನಿಗೆ ಮಾತ್ರ, ಒಳಗೆ ಎಷ್ಟು ಜೀವ ಇವೆಯೆಂದು ತಿಳಿಸುತ್ತಿದ್ದಾನೆ ಎಂದೆ. ಜೀವನವಿಡೀ ಗಿರಣಿಯಲ್ಲಿ ಚೀಲ ಎಣಿಸಿದ ಅಪ್ಪನಿಗೆ ಅದು ಬಹಳ ಹಿಡಿಸಿತು.

“ಚೀಲದಂಗ ಎಣಿಸ್ಲಿಲ್ಲ ನೋಡು, ಜೀವ ಅಂದ” ಎಂದ.

ನನಗೆ ಅದು ಹಾಗೆ ಹೊಳೆದೇ ಇರಲಿಲ್ಲ.

ಅರ್ಧ ದಾರಿಯಲ್ಲಿ ಪೈಲಟ್ ನಮ್ಮ ಕಡೆ ತಿರುಗಿ, ಮುಂದೆ ‘ಸಮ್ ವೆದರ್’ ಇದೆ ಎಂದ. ಸ್ವಲ್ಪ ಹವಾಮಾನ ಇದೆಯಂತೆ! ಹವಾಮಾನವೇ ಇಲ್ಲದ ಊರು ಯಾವುದಪ್ಪಾ ಎಂದು ನಾನು ಟೀಚರಮ್ಮನ ಕೊಂಕು ತೆಗೆಯುವಷ್ಟರಲ್ಲಿ ವಿಮಾನ ಧಡಕ್ಕನೆ ಕುಸಿಯಿತು. ಬಿರುಗಾಳಿಗೆ ಪೈಲಟ್ಟುಗಳು ಹಾಗೆನ್ನುತ್ತಾರೆಂದು ಆಗ ಗೊತ್ತಾಯಿತು. ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅವ್ವ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದಳು.

ಬಳ್ಳಾರಿಯ ಮೇಲೆ ಬಂದಾಗ ಕಿಟಕಿಯಾಚೆ ಗುಡ್ಡವಿಲ್ಲ, ಕೋಟೆಯಿಲ್ಲ, ಬರೀ ಕೆಂಧೂಳು. ವಿಮಾನ ಆ ಧೂಳಿನೊಳಗೆ ಇಳಿಯುತ್ತಲೇ ಹೋಯಿತು. ನೆಲ ಈಗ ಬಂತು, ಇನ್ನೇನು ಬಂತು ಎಂದು ನಾನು ಉಸಿರು ಹಿಡಿದಿದ್ದೆ. ಆಗ ಪೈಲಟ್ ಅಂದ:

“ರನ್‌ವೇ ನಾಟ್ ಇನ್ ಸೈಟ್. ಗೋಯಿಂಗ್ ಅರೌಂಡ್.”

ಕ್ಲಾಸಿನಲ್ಲಿ ಹಾಜರಿ ಕರೆಯುವಂಥ ದನಿ. ಎಂಜಿನ್ ಒಮ್ಮೆಲೇ ಅಬ್ಬರಿಸಿತು, ವಿಮಾನ ಮತ್ತೆ ಮೇಲೆ ಎದ್ದಿತು. ಸೂಟಿನವರು ಗಟ್ಟಿಯಾಗಿ ದೇವರ ಹೆಸರು ಹೇಳತೊಡಗಿದರು.

ಏನಂದ ಎಂದು ಅಪ್ಪ ಕೇಳಿದ. ಅವನ ಬೆರಳು ನನ್ನ ಮುಂಗೈಯನ್ನು ಹಿಂಡುತ್ತಿದ್ದವು. ಪೈಲಟ್ಟಿಗೆ ನೆಲ ಕಾಣುತ್ತಿಲ್ಲ ಎಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನಿಗೆ ಯಾವ ಬಾಯಿಂದ ಹೇಳಲಿ? ಅವ್ವ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

“ಇನ್ನೊಂದು ಸುತ್ತು ಹಾಕಿ ಬರ್ತಾರಂತಪ್ಪಾ” ಎಂದೆ.

ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ಅದು ನಾನು ಕಟ್ಟಿದ ಮಾತಲ್ಲ. ‘ಗೋಯಿಂಗ್ ಅರೌಂಡ್’ ಎಂದು ಅವನು ಅಂದದ್ದೂ ಅದನ್ನೇ. ಇಳಿಯಲಾಗಲಿಲ್ಲ, ಅಪಾಯ, ಏನಾಗುವುದೋ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ಅಕ್ಕಿ ಹೆಚ್ಚಿತು ಎಂದ ಅವ್ವ ಮರುಗಳಿಗೆಯೇ ಚೀಲ ಹಿಡಿದು ಅಕ್ಕಿ ತರಲು ಹೊರಡುತ್ತಿದ್ದಳಲ್ಲ, ಹಾಗೆ ಅವನೂ ಮುಂದಿನ ಕೆಲಸದ ಹೆಸರು ಹೇಳಿ ಅದನ್ನು ಮಾಡತೊಡಗಿದ್ದ. ಇಷ್ಟು ವರ್ಷ ನಾನು ನಕ್ಕಿದ್ದ ಮಾತಿನ ಬಲ ಎಂಥದೆಂದು ಆ ಧೂಳಿನ ಮೇಲೆ ತೇಲುತ್ತ ಬೆರಗಾಗಿ ಕುಳಿತೆ. ಅವನ ಮೇಲೂ ಅವ್ವನ ಮೇಲೂ ಒಂದೇ ಸಲ ಗೌರವ ಉಕ್ಕಿ ಬಂತು.

ಎರಡನೆಯ ಸಲ ಧೂಳು ಹರಿದು ನೆಲ ಕಂಡಿತು, ಇಳಿದೆವು.

ಅಂದು ಸಂಜೆ ಪಾರ್ವತಿನಗರದ ನನ್ನ ಮನೆಯಲ್ಲಿ ಅಪ್ಪ ಮೆಲ್ಲಗೆ ಕೇಳಿದ, “ಅವಗ ನೆಲ ಕಂಡಿರ್ಲಿಲ್ಲ, ಹೌದಿಲ್ಲವ್ವ?”

ಹೇಗೆ ಗೊತ್ತಾಯಿತು ಎಂದೆ.

“ನಿನ್ನ ದನಿ ನಡುಗ್ತಿತ್ತು. ಅವಂದು ನಡುಗ್ಲಿಲ್ಲ. ಅವನ ಮಾತು ನನಗ ತಿಳೀಲಿಲ್ಲ ಖರೆ, ಅವನ ದನಿ ಹಿಡ್ಕೊಂಡು ಕುಂತಿದ್ದೆ.”

ಪಟ್ಟಿ ಬಿಚ್ಚುವ ದಿನ ಬಳ್ಳಾರಿಯ ಕಣ್ಣಿನ ಡಾಕ್ಟರು ಮನೆಗೇ ಬಂದರು. ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿ, ಕೊನೆಯ ಹತ್ತಿಯನ್ನು ತೆಗೆದು, ಕಣ್ಣು ತೆರೆಯಲು ಹೇಳಿದರು. ಅಪ್ಪ ತೆರೆದ. ಅವ್ವ ಅವನ ಎದುರಿಗೇ ಕುಳಿತಿದ್ದಳು, ಮೊದಲು ತಾನೇ ಕಾಣಲೆಂದು ಹೊಸ ಸೀರೆ ಉಟ್ಟು. ಅಪ್ಪ ಅವಳಿದ್ದ ಕಡೆ ಮುಖ ಮಾಡಿ, ಸ್ವಲ್ಪ ಆಚೆ ತಿರುಗಿ, ಮತ್ತೆ ಈಚೆ ತಿರುಗಿದ.

“ಇನ್ನೊಂದು ಸುತ್ತು ಹಾಕಿ ಬರೋಣು” ಎಂದ ಅಪ್ಪ.

ಅವನ ದನಿ ಒಂದಿಷ್ಟೂ ನಡುಗಲಿಲ್ಲ. ಅವ್ವ ಆಗಲಿ ಎಂದು ಎದ್ದು, ಬೆಂಗಳೂರಿನ ಚೀಲವನ್ನು ಗೂಟದಿಂದ ಇಳಿಸಿ, ಅವನ ಧೋತರ ಮಡಚಿ ಅದರಲ್ಲಿ ಇಡತೊಡಗಿದಳು.