ಅಣ್ಣನ ಸೂಟ್‌ಕೇಸಿನಲ್ಲಿ ಭದ್ರವಾಗಿದ್ದ ಪಾಸ್‌ಪೋರ್ಟ್

ಜಿಪ್ಪಿನ ಸೂಟ್‌ಕೇಸಿಗೆ ಬೀಗ ಹಾಕುವುದು ನಿಮ್ಮ ಸಮಾಧಾನಕ್ಕೆ, ಅಷ್ಟೇ. ಬಾಲ್‌ಪೆನ್ನಿನ ಮೂತಿಯನ್ನು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿದರೆ ಸಾಕು, ಪೆಟ್ಟಿಗೆ ಬಾಯಿ ಬಿಡುತ್ತದೆ. ಕೆಲಸ ಮುಗಿದ ಮೇಲೆ ಬೀಗ ಹಾಕಿದ ರನ್ನರುಗಳನ್ನೇ, ಅಂದರೆ ಜಿಪ್ಪು ಎಳೆಯುವ ಆ ಜೋಡಿ ಗುಂಡಿಗಳನ್ನೇ, ಒಂದು ಸುತ್ತು ಎಳೆದರೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ.

ಬ್ಯಾಗ್ ರಿಪೇರಿಯ ಅಕ್ಕ ಇದನ್ನು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಲೇ ಬಂದಿದ್ದಾಳೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕೂತರೆ ಮೊಣಕಾಲು ರಸ್ತೆಗೆ ಬರುವಷ್ಟು ಚಿಕ್ಕ ಅಂಗಡಿ ಅವಳದು. "ಬೆಲೆಯಿರೋದು ಮೈಮೇಲಿರ್ಲಿ, ಪೆಟ್ಟಿಗೇಲಿ ಬಟ್ಟೆ ಮಾತ್ರ ಇರ್ಲಿ" ಅನ್ನುವುದು ಅವಳ ಮಂತ್ರ. ಪೆಟ್ಟಿಗೆಯ ಒಳಪದರದಲ್ಲಿ ಜನ ಮರೆತ ಉಂಗುರ, ಓಲೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಫೋನ್ ಮಾಡಿ ಕರೆಸಿ ಕೊಟ್ಟವಳು.

ಐವತ್ತಮೂರನೇ ವಯಸ್ಸಿಗೆ ಅವಳು ತನಗಾಗಿ ಒಂದು ಪೆಟ್ಟಿಗೆ ಕಟ್ಟಿದಳು. ಒಂಬತ್ತು ದಿನ, ಪರದೇಶ, ಒಬ್ಬಳೇ.

"ಅಲ್ಲೇನು ಕೆಲಸ ನಿಂಗೆ?" ಎಂದ ಅಣ್ಣ. ಮದುವೆಯಾಗದ ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ.

"ನೋಡೋದು."

"ಏನನ್ನ?"

"ನಾನು ಹೊಲಿದ ಪೆಟ್ಟಿಗೆಗಳೆಲ್ಲ ನೋಡ್ಕೊಂಡು ಬಂದಿದ್ದನ್ನ."

ಅಣ್ಣನಿಗೆ ಪರದೇಶವಾದರೂ ಇಳಿದೀತು, ಆ 'ಒಬ್ಬಳೇ' ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಒಬ್ಬನೇ ಊರೂರು ತಿರುಗಿದಾಗ ಯಾರೂ ಏನು ಕೆಲಸ ಎಂದು ಕೇಳಿರಲಿಲ್ಲ, ಬಿಡಿ.

ಅವಳು ಸೊಂಟದ ಪಟ್ಟಿಗೆ ಒಳಜೇಬು ಹೊಲಿದಳು. ಕಾಗದಪತ್ರಗಳ ಎರಡೆರಡು ನಕಲು ತೆಗೆಸಿ, ಒಂದನ್ನು ಪೆಟ್ಟಿಗೆಯ ತಳದಲ್ಲಿ, ಇನ್ನೊಂದನ್ನು ಅತ್ತಿಗೆಯ ಕೈಯಲ್ಲಿಟ್ಟಳು. ಸೂಟ್‌ಕೇಸಿಗೆ ಕೆಂಪು ಟೇಪು ಸುತ್ತಿ, ಮುಚ್ಚಳದೊಳಗೆ ವಿಳಾಸದ ಚೀಟಿ ಅಂಟಿಸಿದಳು. ಇಷ್ಟೆಲ್ಲ ಮಾಡಿದ್ದು ಕಂಡು ಕೇಳರಿಯದ ಕಳ್ಳರಿಗಾಗಿ. ಮನೆಯಲ್ಲಿದ್ದವನ ನೆನಪೇ ಆಗಲಿಲ್ಲ.

ವೀಸಾ ಒತ್ತಿಸಿಕೊಂಡ ಪಾಸ್‌ಪೋರ್ಟ್ ಕೊರಿಯರಿನಲ್ಲಿ ಬಂದಾಗ ಅವಳು ಅಂಗಡಿಯಲ್ಲಿದ್ದಳು. ಸಹಿ ಹಾಕಿ ತೆಗೆದುಕೊಂಡವನು ಅಣ್ಣ. ಉಗ್ರಾಣದ ಮೇಲ್ವಿಚಾರಕನಾಗಿ ನಿವೃತ್ತನಾದವನು. ಉಗ್ರಾಣ ಬಿಟ್ಟಿದ್ದ, ಬೀಗ ಬಿಟ್ಟಿರಲಿಲ್ಲ. ಮನೆಯವರ ಕಾಗದಗಳೆಲ್ಲ ಅವನ ಮಂಚದಡಿಯ ಸೂಟ್‌ಕೇಸಿನಲ್ಲಿ, ನಂಬರ್ ಬೀಗದ ಹಿಂದೆ.

"ಕೊಡಣ್ಣ."

"ಹೊರಡೋ ದಿನ ಕೊಡ್ತೀನಿ ಬಿಡೆ. ನೀನಾದ್ರೆ ಎಲ್ಲೋ ಇಟ್ಟು ಮರೀತೀಯ. ಅಲ್ಲಿ ಜೇಬುಗಳ್ಳರು ಬೇರೆ ಜಾಸ್ತಿಯಂತೆ."

"ನಾನಿನ್ನೂ ಇಲ್ಲೇ ಇದ್ದೀನಲ್ಲ."

ಹೊರಡುವ ಬೆಳಿಗ್ಗೆ ಬಂತು. ಟ್ಯಾಕ್ಸಿಗೆ ಒಂದು ಗಂಟೆ ಉಳಿದಿತ್ತು. ಅಣ್ಣ ಪೇಪರಿನಿಂದ ಕಣ್ಣೆತ್ತದೆ ಹೇಳಿದ, "ಈ ಸಲ ಬೇಡ. ಮುಂದಿನ ವರ್ಷ ನಾನೂ ಬರ್ತೀನಿ, ಎಲ್ರೂ ಒಟ್ಟಿಗೆ ಹೋಗೋಣ." ಆಮೇಲೆ ಒಳಗೆ ಕೂಗಿ ಇನ್ನೊಂದು ಲೋಟ ಚಹಾ ಕೇಳಿದ.

ಬೀದಿಯ ಕಳ್ಳ ಕದ್ದು ಓಡುತ್ತಾನೆ, ಅವನಿಗೆ ಅಷ್ಟಾದರೂ ನಾಚಿಕೆಯಿದೆ. ನಿಮ್ಮ ಒಳ್ಳೆಯದಕ್ಕೇ ಎಂದು ಕದಿಯುವವನು ಕುರ್ಚಿ ಬಿಟ್ಟು ಏಳುವುದೂ ಇಲ್ಲ.

ಅಕ್ಕ ಮಂಚದಡಿಯಿಂದ ಸೂಟ್‌ಕೇಸನ್ನು ಅವನ ಕಾಲಬುಡಕ್ಕೇ ಎಳೆದು ತಂದಳು. ಹೋದ ವರ್ಷ ಅದಕ್ಕೆ ಹೊಸ ಜಿಪ್ಪು ಹಾಕಿದವಳು ಅವಳೇ.

"ನಂಬರ್ ನನ್ನ ತಲೇಲಿದೆ. ಏನ್ಮಾಡ್ತೀಯ?"

"ತಲೇಲೇ ಇರ್ಲಿ, ಭದ್ರವಾಗಿರುತ್ತೆ" ಎಂದು ಅವನ ಅಂಗಿಯ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ಒಮ್ಮೆ ಒತ್ತಿ, ಉದ್ದಕ್ಕೆ ಸೀಳಿದಳು. ಬೀಗ ತನ್ನ ಪಾಡಿಗೆ ನೇತಾಡುತ್ತಿತ್ತು.

ಪಾಸ್‌ಪೋರ್ಟ್ ಮೇಲೆಯೇ ಇತ್ತು. ಅದನ್ನು ಎತ್ತಿದಾಗ ಅಡಿಯಲ್ಲಿದ್ದ ಹಳದಿಗಟ್ಟಿದ ಕವರು ಜಾರಿ ಬಿತ್ತು. ಚಹಾ ಹಿಡಿದು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು.

"ಅದು ನನ್ನ ಟೀಚರ್ ಟ್ರೈನಿಂಗ್ ಸರ್ಟಿಫಿಕೇಟು."

ಲೋಟ ಹಿಡಿದೇ ಬಂದು ಅತ್ತಿಗೆ ಕವರನ್ನು ಎತ್ತಿಕೊಂಡಳು.

"ಮನೆ ಬದಲಾಯಿಸುವಾಗ ಕಳೆದೋಯ್ತು ಅಂದಿದ್ರಲ್ಲ ನೀವು? ಕೆಲಸ ಕೊಡ್ತೀವಿ ಅಂತ ಸ್ಕೂಲಿನವರು ಎರಡು ಸಲ ಹೇಳಿ ಕಳಿಸಿದ್ರು."

"ಜೋಪಾನವಾಗಿರ್ಲಿ ಅಂತ..." ಎಂದು ಅಣ್ಣ ಪೇಪರು ಮಡಚಿದ.

"ಇಪ್ಪತ್ತಾರು ವರ್ಷ ಜೋಪಾನ ಮಾಡಿದ್ರಿ" ಎಂದು ಅತ್ತಿಗೆ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅವನ ಕೈಗೆ ಕೊಡಲಿಲ್ಲ. ಕವರನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ಅಕ್ಕ ಪಾಸ್‌ಪೋರ್ಟನ್ನು ಒಳಜೇಬಿಗೆ ತೂರಿಸಿ ಗುಂಡಿ ಹಾಕಿದಳು. ರನ್ನರುಗಳನ್ನು ಒಂದು ಸುತ್ತು ಎಳೆದಿದ್ದರೆ ಪೆಟ್ಟಿಗೆ ಏನೂ ಆಗದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಅವಳು ಎಳೆಯಲಿಲ್ಲ. ಬಾಯಿ ತೆರೆದ ಪೆಟ್ಟಿಗೆಯನ್ನು ಅಣ್ಣನೆದುರೇ ಬಿಟ್ಟು, ಕೆಂಪು ಟೇಪಿನ ಸೂಟ್‌ಕೇಸನ್ನು ಉರುಳಿಸಿಕೊಂಡು ಹೊರಟಳು.

ನಿಮ್ಮ ಬೀರುವಿನಲ್ಲೂ ಹೆಂಡತಿಯದೋ ತಂಗಿಯದೋ ಮಗಳದೋ ಕಾಗದವೊಂದು ಭದ್ರವಾಗಿದೆ. ಇದನ್ನು ಓದಿ ಮುಗಿಸಿದ್ದೀರಿ ತಾನೇ? ಏಳಿ. ಬೀಗ ತೆಗೆಯಿರಿ. ಅದರ ಮೇಲೆ ಯಾರ ಹೆಸರಿದೆಯೋ ಅವರ ಕೈಗೆ ಕೊಡಿ, ಅವರು ಕೇಳುವ ಮೊದಲೇ.