ಓದದೆ ಬಿಟ್ಟ ಸಾಲುಗಳು

ಟಿಂಗ್. ಕೆಳಗಿನ ಮನೆಯ ಕಿಟಕಿಯಿಂದ ಬಂದ ಆ ಸದ್ದಿಗೆ ವನಮಾಲಾ ಬಿಡಿಸುತ್ತಿದ್ದ ಸೊಪ್ಪನ್ನು ಹಾಗೇ ಹಿಡಿದು ಕುಳಿತಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಂಗ್. ಆ ಮನೆಯ ಚಂಪಾ ಮೊಬೈಲಿನಲ್ಲಿ ಹರಾಜಿಗಿಟ್ಟ ಕಾರ್ಡಿಗೆ ಯಾರೋ ಬೆಲೆ ಏರಿಸುತ್ತಿದ್ದರು. ವನಮಾಲಾಳ ಮೊಬೈಲು ಸಾಸಿವೆ ಡಬ್ಬಿಯ ಪಕ್ಕದಲ್ಲಿ ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡಿತ್ತು.

ಮುಂಬಯಿಯ ಭಾಂಡುಪಿನ ಆ ಚಾಳಿನ ವಠಾರದಲ್ಲಿ ಹಳೆಯ ಪೋಸ್ಟ್‌ಕಾರ್ಡುಗಳನ್ನು ಆನ್‌ಲೈನ್ ಹರಾಜಿಗೆ ಇಡುವ ವಿದ್ಯೆ ಮೊದಲು ಒಲಿದದ್ದು ಅವಳಿಗೇ. ಶಾಲೆಯ ಆಫೀಸು ಕೆಲಸದಿಂದ ನಿವೃತ್ತಳಾದ ಮೇಲೆ ರದ್ದಿ ಅಂಗಡಿಗಳನ್ನು ಅಲೆದು ಟ್ರಾಮಿನ, ಬಂದರಿನ, ಕುದುರೆಗಾಡಿಯ ಚಿತ್ರಗಳಿದ್ದ ಕಾರ್ಡು ಆರಿಸಿ ತರುತ್ತಿದ್ದಳು. ಕೆಳಗಿನ ಮನೆಯ ಚಂಪಾಳಿಗೆ ಕಲಿಸಿದವಳೂ ಅವಳೇ. ತನ್ನ ಗಂಡ ಕೊರಗಪ್ಪ ಕುರ್ಲಾದ ಹೋಟೆಲಿಗೆ ಅಡುಗೆಗೆ ಹೋದರೆ ದಿನವೇ ಸರಿಯುವುದಿಲ್ಲ ಎಂದು ಚಂಪಾ ಅಂದಿದ್ದಳು. ವನಮಾಲಾಳಿಗೆ ಕನಿಕರವೆನಿಸಿತ್ತು.

ವನಮಾಲಾಳಿಗೊಂದು ನೇಮವಿತ್ತು. ಕಾರ್ಡಿನ ಹಿಂಬದಿಯ ಬರಹಕ್ಕೆ ಬಿಳಿ ಹಾಳೆ ಮುಚ್ಚಿ, ಅಂಚೆ ಮುದ್ರೆಯಷ್ಟೇ ಕಾಣುವಂತೆ ಫೋಟೊ ತೆಗೆಯುವಳು. ಸತ್ತವರದಾದರೂ ಇನ್ನೊಬ್ಬರ ಕಾಗದ, ಊರೆಲ್ಲ ಓದುವುದೆಂದರೇನು? ಚಂಪಾ ಮಾತ್ರ ಎರಡೂ ಬದಿಯನ್ನು ತೋರಿಸಿಬಿಡುತ್ತಿದ್ದಳು.

ಗದಗಿನ ಮುರಿಗೆಪ್ಪನವರು ಮೂರು ವರ್ಷ ವನಮಾಲಾಳಿಂದಲೇ ಕೊಂಡಿದ್ದರು. ಕೊಂಡದ್ದು ಕೈಸೇರಿದ ದಿನವೇ ತಾವೂ ಒಂದು ಅಂಚೆ ಕಾರ್ಡು ಬರೆಯುವುದು ಅವರ ಪದ್ಧತಿ. ಅಂಥ ನಲವತ್ತೊಂದು ಕಾರ್ಡು ಅವಳ ಬೀರುವಿನಲ್ಲಿ ಸೀರೆಗಳ ನಡುವೆ ಇದ್ದವು. ಗಂಡ ತೀರಿಕೊಂಡ ಮೇಲೆ ಅವಳ ಹೆಸರಿಗೆ ಕೈಬರಹದಲ್ಲಿ ಬರುತ್ತಿದ್ದದ್ದು ಅವು ಮಾತ್ರ. ದೀಪಾವಳಿಯಿಂದೀಚೆಗೆ ಒಂದೂ ಬಂದಿರಲಿಲ್ಲ.

“ಅಕ್ಕಾ, ಇದೊಂದು ಓದಿ ಹೇಳಿ ಮಾರಾಯ್ರೆ.” ಚಂಪಾ ಬಾಗಿಲಲ್ಲಿದ್ದಳು. “ನಾನು ಮರಾಠಿ ಶಾಲೆ ಅಲ್ವಾ, ಈ ಅಕ್ಷರ ಎಲ್ಲ ಜಿಲೇಬಿ ಹಾಗೆ ಕಾಣ್ತದೆ.”

ಕಾರ್ಡು ಕೈಗೆ ಬರುವ ಮೊದಲೇ ವನಮಾಲಾಳಿಗೆ ಮುರಿಗೆಪ್ಪನವರ ಅಕ್ಷರದ ಗುರುತು ಹತ್ತಿತು. ಕನ್ನಡಕ ಸರಿಮಾಡಿಕೊಂಡು ಓದಿದಳು.

“ತಂಗೀ ಚಂಪಾ, ಕಾರ್ಡು ಮುಟ್ಟಿತು. ಚಿತ್ರ ಎಲ್ಲಿ ಬೇಕಾದರೂ ಸಿಗತಾವ. ಕೂಸಿನ ಜ್ವರ ಇಳೀತು ಅಂತ ಯಾವ ತಾಯಿಯೋ ಬರದ ಮಾತು ಎಲ್ಲಿ ಸಿಗಬೇಕು? ಹಿಂಬದಿ ತೋರಿಸುವಾಕಿ ನೀ ಒಬ್ಬಾಕಿ.”

ತಂಗಿ! ನಲವತ್ತೊಂದರಲ್ಲೂ ತಾನು ‘ಶ್ರೀಮತಿ ವನಮಾಲಾ ಅವರಿಗೆ’ ಆಗಿಯೇ ಉಳಿದಿದ್ದಳು. ಕಣ್ಣು ಕೆಳಗಿನ ಸಾಲುಗಳಿಗೆ ಜಾರಿತು. ‘ಭಾನುವಾರ ಮುಂಬಯಿಯೊಳಗ ಇರತೇನಿ. ಮುಂಜಾನೆ ಹತ್ತೂವರೆಗೆ ಭಾಂಡುಪ್ ಸ್ಟೇಷನ್ನಿನ ಟಿಕೆಟ್ ಕಿಟಕಿ ಹತ್ತಿರ ಭೆಟ್ಟಿ ಆಗೋಣ. ಮ್ಯಾಲಿನ ಮನಿಯವರಿಗೂ ನಮಸ್ಕಾರ ತಿಳಿಸು.’

ಮೇಲಿನ ಮನೆಯವರು. ಹೆಸರೂ ಇಲ್ಲ.

“ಅಷ್ಟೇಯಾ? ಇನ್ನೂ ಉಂಟಲ್ಲ ಕೆಳಗೆ?”

“ಕ್ಷೇಮ, ಆಶೀರ್ವಾದ ಅಂತ ಕಣೆ. ಎಲ್ರಿಗೂ ಬರೀತಾರೆ,” ಎಂದು ವನಮಾಲಾ ಕಾರ್ಡು ಅವಳ ಕೈಗೆ ಎಸೆಯುವಂತೆ ಹಿಂದಿರುಗಿಸಿದಳು.

ಭಾನುವಾರ ಅವಳು ಕಾಫಿಪುಡಿ ಬಣ್ಣದ ಮೈಸೂರು ಸಿಲ್ಕು ಉಟ್ಟಳು. ಬೀರುವಿನ ನಲವತ್ತೊಂದು ಕಾರ್ಡನ್ನೂ ಚೀಲಕ್ಕೆ ಹಾಕಿದಳು. ಸ್ಟೇಷನ್ನಿನಲ್ಲಿ ಮುರಿಗೆಪ್ಪನವರ ಮುಂದೆ ಹರಡಿ, ಇದೋ ನಾನು ಎನ್ನಬೇಕು. ಮೆಟ್ಟಿಲ ಬುಡದಲ್ಲಿ ಚಂಪಾ ಬಟ್ಟೆ ಹಿಂಡುತ್ತಿದ್ದಳು.

“ಎಂತ ಅಕ್ಕಾ, ಏಕ್‌ದಂ ಮದುಮಗಳು! ಎಲ್ಲಿಗೆ?”

“ಮುಲುಂಡಿಗೆ. ಒಬ್ಬರ ಮನೆಗೆ.”

“ಒಂದ್ಮಿನಿಟ್ ನಿಲ್ಲಿ.” ಚಂಪಾ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಕವರು ತಂದಳು. ಅದರಲ್ಲಿ ಹತ್ತು ಹನ್ನೆರಡು ಕಾರ್ಡುಗಳಿದ್ದವು. “ಇದರ ಹಿಂದೆ ಯಾರೂ ಎಂತದ್ದೂ ಬರೀಲಿಲ್ಲ. ನಿಮಗೇಂತ ತೆಗೆದಿಟ್ಟದ್ದು. ಬೇರೆಯವರ ಕಾಗದ ತೋರಿಸ್ಲಿಕ್ಕೆ ನಿಮಗೆ ಮನಸ್ಸು ಬರುದಿಲ್ಲ ಅಲ್ವಾ? ಇದಕ್ಕೆ ಹಾಳೆ ಮುಚ್ಚುದೇ ಬೇಡ.”

ಉಪಕಾರವೂ ಇವಳಿಂದಲೇ ಬರಬೇಕೆ! ವನಮಾಲಾಳ ಹೊಟ್ಟೆ ಇನ್ನೊಮ್ಮೆ ಉರಿಯಿತು. ಕವರು ಮಾತ್ರ ಕೈಯಲ್ಲೇ ಉಳಿಯಿತು. ಖಾಲಿ ಹಿಂಬದಿಗಳನ್ನು ಅವಳು ಒಂದೊಂದಾಗಿ ಮಗುಚಿ ನೋಡಿದಳು.

“ಮೊನ್ನೆ ಕೊನೆಯ ಸಾಲುಗಳನ್ನ ಓದದೆ ಬಿಟ್ಟೆ, ಚಂಪಾ.”

“ಎಂತ ಬರೆದಿದ್ರು?”

ವನಮಾಲಾ ಸ್ಟೇಷನ್ನಿನ ರಸ್ತೆಗೆ ಬೆನ್ನು ಮಾಡಿ ನಿಂತಳು. “ಹತ್ತೂವರೆಗೆ ಮುರಿಗೆಪ್ಪನವರು ಟಿಕೆಟ್ ಕಿಟಕಿ ಹತ್ತಿರ ನಿಂತಿರ್ತಾರೆ. ಬೇಗ ಸೀರೆ ಬದಲಾಯಿಸ್ಕೊಂಡು ಹೋಗು. ಅವರು ಬಂದಿರೋದು ನಿನ್ನ ನೋಡೋಕೆ...” ಎನ್ನುತ್ತಲೇ ಚೀಲವನ್ನು ಎದೆಗವಚಿಕೊಂಡು, ತಿರುಗಿ ನೋಡದೆ, ನಲ್ಲಿಯ ಕಡೆಯ ಓಣಿಯಲ್ಲಿ ನಡೆದುಬಿಟ್ಟಳು.